ಏಳನೇ ವರ್ಷದ ಓಲೆ

ನನಗೆ ಇಬ್ರಿಯರ ಪರಿಚಯವಾದದ್ದು ದುಬೈಯ ಅಲ್ ಮುರಕ್ಕಬಾತಿನ ಒಂದು ಟೈಪಿಂಗ್ ಸೆಂಟರಿನಲ್ಲಿ. ಎಡಕ್ಕೆ ಷವರ್ಮಾ ಅಂಗಡಿ, ಬಲಕ್ಕೆ ಸಲೂನು, ನಡುವೆ ನಮ್ಮ ಆಫೀಸು. ವೀಸಾ ಅರ್ಜಿ, ಕೆಲಸದ ಕಾಂಟ್ರಾಕ್ಟು, ಬಾಡಿಗೆ ಕರಾರು, ಇವನ್ನೆಲ್ಲ ಅರಬಿ ಮತ್ತು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಡುವುದು ಅಲ್ಲಿಯ ಕೆಲಸ. ನಾನು ಉಡುಪಿ ಕಡೆಯ ತುಳು ಮನೆಯವಳು. ಮನೆಯಲ್ಲಿ ದೈವಕ್ಕೆ ಕೋಲ, ಶನಿವಾರ ದೇವಸ್ಥಾನ. ಸಾವಿರಾರು ವರ್ಷಗಳ ಹಿಂದೆ ಕುರಿ ಅಟ್ಟಿಕೊಂಡು ಗುಡಾರ ಹೊತ್ತು ಅಲೆಯುತ್ತಿದ್ದ ಒಂದು ಜನಕ್ಕೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಿತ್ತು. ಗಟ್ಟಿಯಾಗಿಯೇ ಬಿತ್ತು.

ಆಫೀಸಿನ ಯಜಮಾನರು ಮಂಗಳೂರಿನ ಪ್ರಾಟೆಸ್ಟಂಟ್ ಕ್ರೈಸ್ತರು. ಹಿಂದೆ ಊರಿನಲ್ಲಿ ಹೈಸ್ಕೂಲು ಮಾಸ್ಟ್ರಾಗಿದ್ದವರು. ಹಾಗಾಗಿ ನಮಗೆಲ್ಲ ಅವರು ‘ಸರ್’. ಅಲ್ಲಿಯ ವಾರದ ರಜೆಯಾದ ಶುಕ್ರವಾರ ಊದ್ ಮೇಥಾದ ಚರ್ಚ್ ಕಂಪೌಂಡಿನ ಒಂದು ಕೋಣೆಯಲ್ಲಿ ಕನ್ನಡದವರಿಗಾಗಿ ಧರ್ಮಗ್ರಂಥದ ತರಗತಿ ನಡೆಸುತ್ತಿದ್ದರು. ಬರುತ್ತಿದ್ದವರು ಇಪ್ಪತ್ತೈದು ಮೂವತ್ತು ಜನ. ನರ್ಸುಗಳು, ಹೋಟೆಲಿನವರು, ಕೆಲವು ಕೊಂಕಣಿ ಕೆಥೊಲಿಕರು. ಸರ್ ಹಿಡಿದುಕೊಂಡ ವಿಷಯ ಬೈಬಲಿನಲ್ಲಿ ಬರುವ ಹೀಬ್ರೂ ಜನರ, ಅಂದರೆ ಪ್ರಾಚೀನ ಇಬ್ರಿಯರ, ಚರಿತ್ರೆ ಮತ್ತು ನಂಬಿಕೆ. ವಾರವಾರ ನಾಲ್ಕೈದು ಪುಟ ಕೈಬರಹದಲ್ಲಿ ಬರೆದು ತರುವರು. ನಾನು ಉಡುಪಿಯಲ್ಲಿ ಕನ್ನಡ ಟೈಪಿಂಗ್ ಸೀನಿಯರ್ ಪಾಸಾದವಳೆಂದು ಗೊತ್ತಾದ ದಿನದಿಂದ ಆ ನೋಟ್ಸ್ ನನ್ನ ಮೇಜಿಗೆ ಬಂತು. ಬುಧವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಟೈಪ್ ಮಾಡಿ, ಮೂವತ್ತು ಜೆರಾಕ್ಸ್ ತೆಗೆದು, ಪಿನ್ ಹೊಡೆದು ಇಡುತ್ತಿದ್ದೆ.

ಆ ಜನರ ಇನ್ನೊಂದು ಹೆಸರನ್ನು ಸರ್ ಎಲ್ಲಿಯೂ ಬರೆಯುತ್ತಿರಲಿಲ್ಲ. ಆ ಹೆಸರಿನದೇ ಒಂದು ದೇಶ ಈಗಲೂ ಉಂಟು, ಅರಬರಿಗೆ ಆಗದ್ದು. ಆಗಿನ ದುಬೈಯಲ್ಲಿ ಆ ಹೆಸರಿರುವ ಕಾಗದವನ್ನು ಕೈಯಲ್ಲಿ ಹಿಡಿದು ತಿರುಗಲು ಜನ ಅಂಜುತ್ತಿದ್ದರು. “ಇಬ್ರಿಯರು ಅಂತಲೇ ಇರಲಿ ಮಗಾ, ಸುಮ್ಮನೆ ಎಂತಕ್ಕೆ” ಎಂದಿದ್ದರು. ಇಬ್ರಿಯ ಎಂದರೆ ದಾಟಿ ಬಂದವನು ಎಂದು ಕೆಲವು ಪಂಡಿತರು ಹೇಳುತ್ತಾರಂತೆ. ಅವರು ಹೊಳೆ ದಾಟಿದವರು, ನಾವು ಕಡಲು ದಾಟಿದವರು. ಟೈಪ್ ಮಾಡುತ್ತಾ ಮಾಡುತ್ತಾ ನನಗೆ ಅವರು ನಮ್ಮವರೇ ಎನಿಸತೊಡಗಿದರು.

ಮೊದಮೊದಲು ಸೋಜಿಗ. ಅವರ ದೇವರಿಗೆ ಮೂರ್ತಿಯಿಲ್ಲ. ಹೆಸರುಂಟು, ಆದರೆ ಅದನ್ನು ಬಾಯಲ್ಲಿ ಹೇಳುವಂತಿಲ್ಲ. ನೈವೇದ್ಯ ಎಲ್ಲಿ ಇಡುವುದು, ಯಾರ ಮುಖ ನೋಡಿ ಹರಕೆ ಹೇಳುವುದು ಎಂದು ನಾನು ಕೇಳಿದ್ದಕ್ಕೆ ಸರ್ ನಕ್ಕಿದ್ದರು. ಆಮೇಲೆ ಅವರ ಕಾನೂನುಗಳು ಬಂದವು, ಅಲ್ಲಿ ನಾನು ಮರುಳಾದೆ. ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಿಡಬೇಕು, ಅದು ವಿಧವೆಗೆ, ತಬ್ಬಲಿಗೆ, ಪರದೇಶಿಗೆ. ಏಳನೇ ದಿನ ಯಜಮಾನ ಮಾತ್ರವಲ್ಲ, ಆಳು, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ ಎಲ್ಲರೂ ದಣಿವಾರಿಸಿಕೊಳ್ಳಬೇಕು. ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಸೂರ್ಯ ಮುಳುಗುವುದರೊಳಗೆ ಹಿಂದೆ ಕೊಡಬೇಕು, ಇಲ್ಲದಿದ್ದರೆ ಅವನು ಏನು ಹೊದ್ದು ಮಲಗುತ್ತಾನೆ? ಇಷ್ಟಕ್ಕೆಲ್ಲ ಕಾರಣ ಒಂದೇ: ನೀವೂ ಒಂದು ಕಾಲದಲ್ಲಿ ಪರದೇಶದಲ್ಲಿ ದಾಸರಾಗಿದ್ದಿರಿ, ಅದನ್ನು ಮರೆಯಬೇಡಿ. ನಮ್ಮಲ್ಲಿ ‘ಪರದೇಶಿ’ ಎಂದರೆ ಬೈಗುಳ, ಹೇಳಕೇಳುವವರಿಲ್ಲದವನು ಎಂದರ್ಥ. ಆ ಬೈಗುಳಕ್ಕೆ ಹೊಲದಲ್ಲಿ ಪಾಲಿಟ್ಟ ಜನ ಇದ್ದರಲ್ಲ ಎಂದು ಓದಿ ನನ್ನ ಕಣ್ಣು ತುಂಬಿತ್ತು. ಆಫೀಸಿನಲ್ಲಿ ಕೆಲಸಕ್ಕಿದ್ದ ನಮ್ಮ ಐದೂ ಜನರ ಪಾಸ್‌ಪೋರ್ಟುಗಳು ಸರ್ ಕುರ್ಚಿಯ ಹಿಂದಿನ ಕಬ್ಬಿಣದ ಕಪಾಟಿನಲ್ಲಿ ವರ್ಷಗಟ್ಟಲೆ ಬೀಗದೊಳಗಿದ್ದವು. ಹೊದಿಕೆಯ ಪುಟವನ್ನೂ ಆ ಕಪಾಟನ್ನೂ ಒಟ್ಟಿಗೆ ನೋಡುವ ಬುದ್ಧಿ ನನಗೆ ಆಗ ಬರಲಿಲ್ಲ.

ಬರುವುದಾದರೂ ಹೇಗೆ? ಸರ್ ಒಳ್ಳೆಯವರು. ದನಿ ಏರಿಸಿದವರಲ್ಲ. ಶುಕ್ರವಾರ ತರಗತಿ ಮುಗಿದ ಮೇಲೆ ಎಷ್ಟೋ ಸಲ ಮನೆಗೆ ಕರೆದೊಯ್ದು ಊಟ ಹಾಕಿಸಿದ್ದರು. ಅವರ ಹೆಂಡತಿ, ನಾವು ಆಂಟಿ ಎನ್ನುತ್ತಿದ್ದೆವು, ನನಗೆಂದೇ ಕೋರಿರೊಟ್ಟಿ ಮಾಡುತ್ತಿದ್ದರು. ಒಮ್ಮೆ ಊಟದ ಮೇಜಿನಲ್ಲಿಯೇ ಸರ್ ಇಬ್ರಿಯರ ಉಪ್ಪಿನ ಒಡಂಬಡಿಕೆಯ ವಿಷಯ ಹೇಳಿದ್ದರು. ಒಟ್ಟಿಗೆ ಉಪ್ಪು ತಿಂದವರು ಮಾತು ಮುರಿಯುವ ಹಾಗಿಲ್ಲವಂತೆ. ನಮ್ಮಲ್ಲೂ ಹಾಗೆಯೇ ಸರ್, ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅಂತಾರೆ ಎಂದು ನಾನು ಹೇಳಿದ್ದೆ. ಆ ಗಾದೆ ಉಂಡವರಿಗೆ ಮಾತ್ರ ಹೇಳಿದ್ದು, ಬಡಿಸಿದವರಿಗೆ ಹೇಳಿದ್ದಲ್ಲ. ಇದು ಹೊಳೆಯಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು.

ನನ್ನ ಸಂಸಾರದ ವಿಷಯ ಇಲ್ಲಿ ಹೇಳಬೇಕು. ದುಬೈಗೆ ಬಂದ ಎರಡನೇ ವರ್ಷ ಮದುವೆಯಾಯಿತು. ಗಂಡ ಅಬುಧಾಬಿಯ ಬನಿಯಾಸಿನಲ್ಲಿ ಒಂದು ಆಸ್ಪತ್ರೆಯ ಸ್ಟೋರ್ ಕೀಪರ್. ಅವರು ಅಲ್ಲಿ ಆರು ಜನರ ಕೋಣೆಯಲ್ಲಿ, ನಾನು ಇಲ್ಲಿ ನಾಲ್ಕು ಹೆಂಗಸರ ಫ್ಲ್ಯಾಟಿನ ಒಂದು ಮಂಚದಲ್ಲಿ. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರುವ ದಾಂಪತ್ಯ. ಮಗಳು ಹುಟ್ಟಿದ್ದು ಊರಿನಲ್ಲಿ. ಮೂರು ತಿಂಗಳಾಗುವಷ್ಟರಲ್ಲಿ ಅವಳನ್ನು ಅತ್ತೆಯ ಕೈಗೆ ಕೊಟ್ಟು ವಿಮಾನ ಹತ್ತಿದೆ. ಅವಳು ಕುಳಿತದ್ದನ್ನು, ನಿಂತದ್ದನ್ನು, ನಡೆದದ್ದನ್ನು ಕಂಪ್ಯೂಟರಿನ ಪರದೆಯಲ್ಲಿ ನೋಡಿದೆ. ಕಿವಿ ಚುಚ್ಚಿಸುವುದೊಂದು ಮಾತ್ರ ನಾನು ಊರಿಗೆ ಬಂದ ಮೇಲೆಯೇ ಆಗಬೇಕೆಂದು ಅತ್ತೆಗೆ ಹೇಳಿದ್ದೆ. ಮೊದಲ ವರ್ಷ ಆಗಲಿಲ್ಲ. ಬೆಸ ವರ್ಷದಲ್ಲಿಯೇ ಮಾಡಬೇಕಾದ್ದರಿಂದ ಮೂರನೇ ವರ್ಷಕ್ಕೆ ಹೋಯಿತು.

ಕಿವಿಯ ವಿಷಯ ತಲೆಯಲ್ಲಿ ಸದಾ ಇದ್ದದ್ದರಿಂದಲೋ ಏನೋ, ಒಂದು ಬುಧವಾರ ನನ್ನಿಂದ ತಪ್ಪಾಯಿತು. ಆ ವಾರದ ನೋಟ್ಸ್ ದಾಸರ ಕಾನೂನಿನದು. ಇಬ್ರಿಯನೊಬ್ಬ ಬಡತನದಿಂದ ಇನ್ನೊಬ್ಬ ಇಬ್ರಿಯನಿಗೆ ಆಳಾದರೆ ಆರು ವರ್ಷ ದುಡಿಯಬೇಕು. ಏಳನೇ ವರ್ಷ ಬಿಡುಗಡೆ. ಬಿಡುವಾಗ ಬರಿಗೈಯಲ್ಲಿ ಕಳಿಸಬಾರದು, ಮಂದೆಯಿಂದ ಕುರಿ, ಕಣದಿಂದ ಧಾನ್ಯ, ದ್ರಾಕ್ಷಾರಸ ಕೊಟ್ಟು ಕಳಿಸಬೇಕು. ಅದರ ಕೆಳಗೆ ಸರ್ ‘ಕಿವಿ ಚುಚ್ಚುವ ಶಾಸನ’ ಎಂದು ತಲೆಬರಹ ಹಾಕಿ, ವಿವರ ತರಗತಿಯಲ್ಲಿ ಹೇಳುವುದೆಂದು ಬರೆದಿದ್ದರು. ನನ್ನ ಬೆರಳು ‘ಕಿವಿ ಚುಚ್ಚುವ ಶಾಸ್ತ್ರ’ ಎಂದು ಹೊಡೆಯಿತು. ಮೂವತ್ತು ಪ್ರತಿಯೂ ಹಾಗೆಯೇ ಹೋಯಿತು. ನಿಜ ಹೇಳಬೇಕೆಂದರೆ ನಾನು ಹಾಗೆಯೇ ಅರ್ಥ ಮಾಡಿಕೊಂಡಿದ್ದೆ. ಕುರಿ, ಧಾನ್ಯ ಕೊಟ್ಟ ಮೇಲೆ ಕಿವಿ ಚುಚ್ಚಿಸಿ ಓಲೆಯನ್ನೂ ಹಾಕಿ ಕಳಿಸುತ್ತಿದ್ದರು, ಎಂಥ ಭಾಗ್ಯವಂತ ಆಳು ಎಂದು.

ಶುಕ್ರವಾರ ತರಗತಿಯಲ್ಲಿ ಒಬ್ಬ ನರ್ಸು ಅದನ್ನು ಗಟ್ಟಿಯಾಗಿ ಓದಿದಳು. ಶಾಸ್ತ್ರಕ್ಕೆ ಊಟಕ್ಕೆ ಯಾರನ್ನೆಲ್ಲ ಕರೆಯುತ್ತಿದ್ದರು ಎಂದು ಒಬ್ಬರು ಕೇಳಿದರು, ಕೋಣೆಗೆ ಕೋಣೆ ನಕ್ಕಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ನಾಚಿ ನೀರಾದೆ. ಸರ್ ಮಾತ್ರ ಸಿಟ್ಟಾಗಲಿಲ್ಲ. ನಿಧಾನವಾಗಿ ವಿವರಿಸಿದರು. ಏಳನೇ ವರ್ಷ ಬಂದಾಗ ಆಳು ತಾನಾಗಿಯೇ, ನನಗೆ ನನ್ನ ಯಜಮಾನನ ಮೇಲೆ ಪ್ರೀತಿ, ನಾನು ಹೋಗುವುದಿಲ್ಲ ಎಂದು ಹೇಳಿದರೆ ಅವನನ್ನು ಬಾಗಿಲಿನ ಚೌಕಟ್ಟಿನ ಹತ್ತಿರ ನಿಲ್ಲಿಸಿ, ಕಿವಿಗೆ ದಬ್ಬಳದಿಂದ ಚುಚ್ಚುತ್ತಿದ್ದರು. ಅಲ್ಲಿಂದ ಅವನು ಜೀವಮಾನವೆಲ್ಲ ಆ ಮನೆಯ ದಾಸ. ಬಿಡುಗಡೆ ಎಂಬ ಮಾತು ಕೇಳಿಯೂ ಬೇಡವೆಂದ ಕಿವಿ ಅದು, ಅದಕ್ಕೇ ಶಿಕ್ಷೆಯೂ ಕಿವಿಗೇ ಎಂದು ಹಳಬರು ಹೇಳುತ್ತಾರಂತೆ. ಆಗ ಸರ್ ನನ್ನ ಕಡೆ ಕೈ ತೋರಿಸಿ ಹೇಳಿದರು:

“ನಮ್ಮ ಆಫೀಸಿನಲ್ಲಿಯೂ ಅದೇ ಕಾನೂನು. ಇವಳಿಗೆ ಏಳನೇ ವರ್ಷ ಬಿಡುಗಡೆ. ಬರಿಗೈಯಲ್ಲಿ ಕಳಿಸುದೂ ಇಲ್ಲ.”

ಎಲ್ಲರೂ ಮತ್ತೆ ನಕ್ಕರು, ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಆಗ ನನಗೆ ಐದನೇ ವರ್ಷ ನಡೆಯುತ್ತಿತ್ತು. ತಮಾಷೆಯೆಂದು ಉಳಿದವರು ಮರೆತಿರಬೇಕು. ನಾನು ಮರೆಯಲಿಲ್ಲ.

ಆರು ವರ್ಷ ತುಂಬುವ ಹೊತ್ತಿಗೆ, ೨೦೧೨ರ ಕೊನೆಯಲ್ಲಿ, ಗಂಡ ಬನಿಯಾಸಿನಿಂದ ಸುದ್ದಿ ತಂದರು. ಅಲ್ಲಿ ಹತ್ತಿರದ ಒಂದು ಇಂಡಿಯನ್ ಸ್ಕೂಲಿನ ಆಫೀಸಿಗೆ ಅರಬಿ ಟೈಪಿಂಗ್ ಬಲ್ಲವರು ಬೇಕು, ಏಪ್ರಿಲಿನಲ್ಲಿ ಶಾಲೆ ಶುರುವಾಗುವಾಗ ಸೇರಬೇಕು. ಸಿಬ್ಬಂದಿಯ ಮಕ್ಕಳಿಗೆ ಕೆ.ಜಿ.ಯಲ್ಲಿ ಸೀಟು. ಹೋಗಿ ಮಾತಾಡಿ ಬಂದೆ, ಒಪ್ಪಿದರು. ಅಂದರೆ ಗಂಡ, ನಾನು, ಮಗಳು ಮೂವರೂ ಒಂದೇ ಸೂರಿನಡಿ. ಆ ಮೇಲೆ ನಾನು ಹಗಲೆಲ್ಲ ಕಂಡದ್ದು ಒಂದೇ ಕನಸು, ಬೆಳಿಗ್ಗೆ ಮಗಳ ಜಡೆ ಹೆಣೆದು ಕೈ ಹಿಡಿದು ಶಾಲೆಗೆ ನಡೆಯುವುದು. ಗಂಡ ಆರು ಜನರ ಕೋಣೆ ಬಿಟ್ಟು ಒಂದು ಸಣ್ಣ ಸ್ಟುಡಿಯೋ ಹಿಡಿದರು. ಮೊದಲು ತಂದ ಸಾಮಾನು ಮಂಚವೂ ಅಲ್ಲ, ಒಲೆಯೂ ಅಲ್ಲ. ಒಂದು ಮಕ್ಕಳ ಪ್ಲಾಸ್ಟಿಕ್ ಕುರ್ಚಿ, ಹಸಿರು ಬಣ್ಣದ್ದು.

ನನ್ನ ಕಾಂಟ್ರಾಕ್ಟು, ವೀಸಾ ಎರಡೂ ಜನವರಿಯಲ್ಲಿ ಮುಗಿಯುತ್ತಿದ್ದವು. ಅದು ಮುಗಿದರೆ ನಾನು ಯಾರ ಹಂಗೂ ಇಲ್ಲದೆ ಹೊರಡಬಹುದಿತ್ತು. ಎರಡು ತಿಂಗಳು ಊರಿನಲ್ಲಿದ್ದು, ಮಗಳ ಕಿವಿ ಚುಚ್ಚಿಸಿ, ಶಾಲೆಯ ವೀಸಾದಲ್ಲಿ ಅವಳನ್ನು ಕರೆದುಕೊಂಡೇ ಬರಬಹುದಿತ್ತು. ಇದನ್ನೇ ಸರ್ ಹತ್ತಿರ ಹೇಳಿದೆ. ರಿಲೀಸ್ ಲೆಟರೊಂದು, ಅಂದರೆ ಇವಳನ್ನು ಬಿಟ್ಟುಕೊಟ್ಟಿದ್ದೇವೆ ಎಂಬ ಕಾಗದ, ಕೊಟ್ಟರೆ ಶಾಲೆಯವರಿಗೆ ತೋರಿಸಲು ಅನುಕೂಲ ಎಂದೂ ಕೇಳಿದೆ. ಸರ್ ಎದ್ದು ನಿಂತು ಕೈ ಕುಲುಕಿದರು. ಸಂತೋಷ, ದೇವರ ಕೃಪೆ ಎಂದರು. ಎರಡು ದಿನ ಬಿಟ್ಟು ಕರೆದು ಕೂರಿಸಿದರು.

“ನೋಡು ಮಗಾ, ಈಗ ನೀನು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದರೆ ಆ ಸ್ಕೂಲಿನವರು ನಾಳೆ ಮನಸ್ಸು ಬದಲಿಸಿದರೆ ಎಂತ ಮಾಡ್ತಿ? ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಸುಮ್ಮನೆ ಒಂದು ರಿನ್ಯೂವಲ್ ಹಾಕಿಡು, ಫಾರ್ಮಾಲಿಟಿ. ಮಾರ್ಚಲ್ಲಿ ಅವರ ಪೇಪರ್ ಬಂದ ಕೂಡಲೇ ನಾನು ಕ್ಯಾನ್ಸಲ್ ಮಾಡಿ ರಿಲೀಸ್ ಕೊಡ್ತೇನೆ, ಖಲಾಸ್.”

ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಎಂದು ನಂಬಿದೆ. ಆ ಕಾಂಟ್ರಾಕ್ಟನ್ನು ಟೈಪ್ ಮಾಡಿದವಳು ನಾನೇ. ಬಲಕ್ಕೆ ಅರಬಿ, ಎಡಕ್ಕೆ ಇಂಗ್ಲಿಷ್. ಅವಧಿ ಎರಡು ವರ್ಷ. ಯಜಮಾನರು ಒಪ್ಪದೆ ಮಧ್ಯದಲ್ಲಿ ಬಿಟ್ಟರೆ ಬ್ಯಾನ್ ಬೀಳುತ್ತದೆ, ಬೇರೆಲ್ಲೂ ಕೆಲಸಕ್ಕೆ ಸೇರುವಂತಿಲ್ಲ ಎಂಬುದು ನನಗೆ ಗೊತ್ತಿಲ್ಲದ ವಿಷಯವೇ? ನನ್ನ ಮೇಜಿನ ಮುಂದೆ ನಿಂತ ಎಷ್ಟು ಬಂಗಾಳಿ ಪ್ಲಂಬರುಗಳಿಗೆ, ಎಷ್ಟು ತೆಲುಗು ಮನೆಗೆಲಸದ ಹೆಂಗಸರಿಗೆ ನಾನು ಹೇಳಿಲ್ಲ, ಬಾಯಿಮಾತು ನಂಬಬೇಡಿ, ಕಾಗದದಲ್ಲಿ ಇರುವುದೇ ನಿಜ ಎಂದು? ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲ ನೀರಿಗೆ ಬಿದ್ದಿತಂತೆ. ನನ್ನ ಕಾಗದಕ್ಕೆ ನಾನೇ ಸೈನ್ ಹಾಕಿದೆ. ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ ಎಂಬ ಸಾಲಿನ ಕೆಳಗೆ, ನೀಲಿ ಪೆನ್ನಿನಲ್ಲಿ.

ಸೈನ್ ಹಾಕಿದ ಸಂಜೆ ಸರ್ ಒಂದು ಸಣ್ಣ ಕೆಂಪು ಡಬ್ಬಿ ಕೊಟ್ಟರು. ಡೇರಾದ ಚಿನ್ನದಂಗಡಿಯದು. ಒಳಗೆ ಮಕ್ಕಳ ಓಲೆ ಒಂದು ಜೊತೆ, ನಡುವೆ ಕೆಂಪು ಹರಳು. “ಮಗಳ ಕಿವಿಗೆ. ಬರಿಗೈಯಲ್ಲಿ ಕಳಿಸುದಿಲ್ಲ ಅಂತ ಹೇಳಿದ್ದೆ ಅಲ್ವಾ?” ಎಂದರು. ನಾನು ಅಲ್ಲಿಯೇ ಅತ್ತುಬಿಟ್ಟೆ. ಎರಡು ವರ್ಷದ ಹಿಂದಿನ ಮಾತನ್ನು ಈ ಮನುಷ್ಯ ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ನಾನು ಕೇಳಿದ್ದು ಒಂದು ಓಲೆ, ಕಾಗದದ್ದು. ಅವರು ಕೊಟ್ಟದ್ದು ಇನ್ನೊಂದು ಓಲೆ, ಕಿವಿಯದ್ದು.

ಊರಿಗೆ ಹೋಗಲಾಗಲಿಲ್ಲ. ಮಾರ್ಚಿನಲ್ಲಿ ಹೇಗೂ ಹೋಗುತ್ತೀಯಲ್ಲ, ಈಗ ರಜೆ ಎಂತಕ್ಕೆ ಎಂದರು ಸರ್. ಮಗಳ ಮೂರನೇ ವರ್ಷ ಮುಗಿಯುತ್ತಾ ಬಂದಿತ್ತು, ಇನ್ನು ಕಾಯುವುದು ಬೇಡವೆಂದು ಅತ್ತೆಯೂ ಹೇಳಿದರು. ಊರಿಗೆ ಹೊರಟಿದ್ದ ಒಬ್ಬ ನರ್ಸಿನ ಕೈಯಲ್ಲಿ ಕೆಂಪು ಡಬ್ಬಿ ಕಳಿಸಿದೆ. ಆಚಾರಿಯನ್ನು ಮನೆಗೆ ಕರೆಸಿ ಚುಚ್ಚಿಸಿದರು. ನಾನು ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದೆ. ಚಿತ್ರ ನಿಂತು ನಿಂತು ಬರುತ್ತಿತ್ತು. ಮಗಳು ಅಜ್ಜಿಯ ತೊಡೆಯ ಮೇಲೆ ಕಣ್ಣು ಬಿಗಿಮುಚ್ಚಿ ಕುಳಿತಿದ್ದಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಂಥ ಗಟ್ಟಿ ಹುಡುಗಿ ಎಂದು ಹೆಮ್ಮೆಯಿಂದ ಸರ್‌ಗೂ ತೋರಿಸಿದೆ. ಅವರೂ ಬಗ್ಗಿ ನೋಡಿ ಶಹಬ್ಬಾಸ್ ಎಂದರು.

ಮಾರ್ಚ್ ಮೊದಲ ವಾರ ಶಾಲೆಯವರು ರಿಲೀಸ್ ಪೇಪರು ಕೇಳಿದರು. ಸರ್ ಹತ್ತಿರ ಹೋದೆ. ನೋಡುವ ಎಂದರು. ಎರಡನೇ ವಾರವೂ ನೋಡುವ ಎಂದರು. ಮೂರನೇ ವಾರ ಶಾಲೆಯಿಂದ ಕಡೆಯ ಫೋನು ಬಂತು, ಇನ್ನು ನಾಲ್ಕು ದಿನ ಮಾತ್ರ ಕಾಯುತ್ತೇವೆ ಎಂದು. ಆ ದಿನ ಬಾಗಿಲು ಹಾಕಿಕೊಂಡು ಅವರ ಮುಂದೆ ಕುಳಿತೆ. ಸರ್ ಕನ್ನಡಕ ತೆಗೆದು ಒರೆಸಿದರು. ಹೊಸ ಟೈಪಿಸ್ಟ್ ಸಿಗುತ್ತಿಲ್ಲ, ಸಿಕ್ಕಿದರೂ ಕಲಿಸಲು ವರ್ಷ ಬೇಕು, ನೀನು ಹೋದರೆ ಶುಕ್ರವಾರದ ನೋಟ್ಸ್ ಯಾರು ಮಾಡುವುದು ಎಂದರು. ನೋಟ್ಸ್! ನನ್ನ ಮಗಳ ಶಾಲೆಯ ಎದುರಿಗೆ ಅವರು ತಕ್ಕಡಿಯಲ್ಲಿಟ್ಟದ್ದು ಆ ನಾಲ್ಕು ಹಾಳೆಯನ್ನು. ನೀವು ಮಾತು ಕೊಟ್ಟಿದ್ದಿರಿ ಸರ್ ಎಂದೆ.

“ಮಾತು ಕೊಟ್ಟದ್ದು ಹೌದು. ಆದರೆ ಕಾಂಟ್ರಾಕ್ಟ್ ಉಂಟಲ್ಲ. ನಾನು ಒತ್ತಾಯ ಮಾಡಿದ್ದಾ? ನೀನೇ ಟೈಪ್ ಮಾಡಿದ್ದು, ನೀನೇ ಸೈನ್ ಹಾಕಿದ್ದು. ಈಗ ನನ್ನ ಕೈಯಲ್ಲಿ ಎಂತ ಉಂಟು ಮಗಾ?”

ಅವರ ಕೈಯಲ್ಲಿ ಎಲ್ಲವೂ ಇತ್ತು. ಒಂದು ಸಹಿ ಮತ್ತು ಕಪಾಟಿನ ಬೀಗದಕೈ, ಅಷ್ಟೇ ಬೇಕಾಗಿದ್ದದ್ದು. ಅವರ ಹಿಂದೆ ಆ ಕಬ್ಬಿಣದ ಕಪಾಟನ್ನು ನೋಡುತ್ತಾ ಕುಳಿತಾಗ ನನಗೆ ನನ್ನದೇ ಟೈಪಿಂಗ್ ಕಣ್ಣ ಮುಂದೆ ಬಂತು. ಆಳು ತಾನಾಗಿಯೇ ಹೇಳಬೇಕು. ಬಾಗಿಲಿನ ಹತ್ತಿರ ನಿಲ್ಲಿಸಬೇಕು. ಕಿವಿಗೆ ಚುಚ್ಚಬೇಕು. ಅವರು ಇಬ್ರಿಯರಿಗಿಂತ ಒಂದು ಕೈ ಮುಂದೆ ಹೋಗಿದ್ದರು, ಆಳಿನ ಕಿವಿ ಬಿಟ್ಟು ಆಳಿನ ಮಗುವಿನ ಕಿವಿ ಚುಚ್ಚಿಸಿದ್ದರು. ಬೇಕೆಂದೇ ಮಾಡಿದರೋ, ಓಲೆ ಕೊಡುವಾಗ ಆ ಶಾಸನ ಅವರ ಮನಸ್ಸಿನಲ್ಲಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕಲಿಸಿದವರು ಅವರೇ ಅಲ್ಲವೇ, ಗೊತ್ತಿರದೆ ಇರುತ್ತದೆಯೇ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಶಾಲೆಯ ಕೆಲಸ ಹೋಯಿತು. ಗಂಡ ಸ್ಟುಡಿಯೋ ಬಿಡದೆ ಇನ್ನೊಬ್ಬರನ್ನು ಜೊತೆಗೆ ಸೇರಿಸಿಕೊಂಡರು. ಹಸಿರು ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಇಡತೊಡಗಿದರು. ನಾನು ವಾರಕ್ಕೊಮ್ಮೆ ಹೋದಾಗ ಅದರ ಕಡೆ ನೋಡುತ್ತಿರಲಿಲ್ಲ.

ಬುಧವಾರದ ಟೈಪಿಂಗ್ ನಿಲ್ಲಿಸಬೇಕಿತ್ತು ಎಂದು ಗೆಳತಿಯರು ಬೈದರು. ನಿಲ್ಲಿಸಲಿಲ್ಲ. ಎರಡು ವರ್ಷ ಅದೇ ಕೋಣೆಯಲ್ಲಿ ಅದೇ ಮುಖ ನೋಡಿಕೊಂಡು ಇರಬೇಕಾದವಳು ಎಷ್ಟು ಎಂದು ಹಟ ಮಾಡಿಯಾಳು? ಇಬ್ರಿಯರ ಕತೆ ಈಗ ಅವರ ಪಟ್ಟಣಕ್ಕೆ ಶತ್ರುಗಳು ಮುತ್ತಿಗೆ ಹಾಕುವ ಕಾಲಕ್ಕೆ ಬಂದಿತ್ತು. ಮೇ ತಿಂಗಳಿರಬೇಕು, ಒಂದು ಬುಧವಾರ ಸರ್ ತಂದಿಟ್ಟ ಪುಟ ಓದುತ್ತಾ ನನ್ನ ಬೆರಳು ನಿಂತಿತು.

ಮುತ್ತಿಗೆಯಾದಾಗ ಅರಸನೂ ಪಟ್ಟಣದ ದೊಡ್ಡವರೂ ಹೆದರಿದರಂತೆ. ದೇವರ ಮನೆಯಲ್ಲಿ ಸೇರಿ, ತಮ್ಮ ಇಬ್ರಿಯ ದಾಸರನ್ನೂ ದಾಸಿಯರನ್ನೂ ಬಿಡುತ್ತೇವೆ ಎಂದು ಮಾತು ಕೊಟ್ಟರು. ಒಂದು ಕರುವನ್ನು ಕಡಿದು ಎರಡು ಹೋಳು ಮಾಡಿ ನಡುವೆ ನಡೆದರು. ಮಾತು ಮುರಿದವನಿಗೆ ಈ ಕರುವಿನ ಗತಿಯಾಗಲಿ ಎಂಬುದು ಅದರ ಅರ್ಥ. ದಾಸರು ಬಿಡುಗಡೆಯಾಗಿ ಹೋದರು. ಅಷ್ಟರಲ್ಲಿ ಶತ್ರು ಸೈನ್ಯ ಬೇರೆ ಕಡೆ ಹೊರಟಿತು. ಭಯ ಹೋಯಿತು. ಬಿಟ್ಟವರನ್ನೆಲ್ಲ ಹಿಡಿತರಿಸಿ ಮತ್ತೆ ದಾಸರನ್ನಾಗಿ ಮಾಡಿಕೊಂಡರು. ಆಗ ಒಬ್ಬ ಪ್ರವಾದಿ ಎದ್ದು ನಿಂತು, ನೀವು ಕೊಟ್ಟ ಬಿಡುಗಡೆ ಇಂಥದ್ದಾದರೆ ನಿಮಗೂ ದೇವರು ಬಿಡುಗಡೆ ಕೊಡುತ್ತಾನೆ, ಕತ್ತಿಗೆ, ರೋಗಕ್ಕೆ, ಹಸಿವೆಗೆ ನಿಮ್ಮನ್ನು ಬಿಟ್ಟುಕೊಡುತ್ತಾನೆ ಎಂದನಂತೆ. ಎಲ್ಲವೂ ಸರ್ ಅವರ ದುಂಡು ಅಕ್ಷರದಲ್ಲಿ. ‘ಮಾತು ಮುರಿದವರು’ ಎಂಬಲ್ಲಿ ಕೆಂಪು ಶಾಯಿಯಲ್ಲಿ ಅಡಿಗೆರೆ ಕೂಡ.

ಸರ್ ನನ್ನಲ್ಲಿ ಕ್ಷಮೆ ಕೇಳುತ್ತಿದ್ದಾರೆ ಎಂದುಕೊಂಡೆ. ಬಾಯಿ ಬಿಟ್ಟು ಹೇಳಲಾಗದೆ ಈ ರೀತಿ ಬರೆದು ಕೊಟ್ಟಿದ್ದಾರೆ ಎಂದು. ಇಷ್ಟಾದ ಮೇಲೂ ನನ್ನ ಹುಚ್ಚು ನಂಬಿಕೆ ನೋಡಿ. ಒಂದು ಅಕ್ಷರ ತಪ್ಪಿಲ್ಲದೆ ಟೈಪ್ ಮಾಡಿದೆ. ಶುಕ್ರವಾರ ಊದ್ ಮೇಥಾಕ್ಕೆ ಹೋಗಿ ಹಿಂದಿನ ಸಾಲು ಬಿಟ್ಟು ಎರಡನೇ ಸಾಲಿನಲ್ಲಿ ಕುಳಿತೆ.

ಆ ದಿನ ಸರ್ ಮಾತಾಡಿದ ಹಾಗೆ ಯಾವತ್ತೂ ಮಾತಾಡಿರಲಿಲ್ಲ. ಹಿಡಿತರಿಸಿದ ದಾಸಿಯರ ವಿಷಯ ಬಂದಾಗ ಕೈಯಲ್ಲಿದ್ದ ಪುಟ ಕೆಳಗಿಟ್ಟರು. ಬಿಡುಗಡೆಯ ರುಚಿ ತೋರಿಸಿ ಕಿತ್ತುಕೊಳ್ಳುವುದಕ್ಕಿಂತ ಮೊದಲೇ ಕೊಡದಿರುವುದು ವಾಸಿ ಎಂದರು. ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ಮುಂದಿನ ಸಾಲಿನಲ್ಲಿ ಆಂಟಿಯೂ ಕಣ್ಣು ಒರೆಸಿಕೊಂಡರು. ನಾನು ಉಸಿರು ಹಿಡಿದು ಅವರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ಸರ್ ನನ್ನ ಕಡೆ ತಿರುಗಿದರು. ನೇರವಾಗಿ ಕಣ್ಣಿಗೆ ಕಣ್ಣು ಸೇರಿತು.

“ಹಿಂದೆ ಕೂತ ನಾಲ್ಕು ಜನಕ್ಕೆ ನೋಟ್ಸ್ ಸಿಗಲಿಲ್ಲ ಮಗಾ. ಎಕ್ಸ್‌ಟ್ರಾ ಕಾಪಿ ಉಂಟಾ?”

ಇತ್ತು. ಎದ್ದು ಹೋಗಿ ಕೊಟ್ಟೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಅವರು ನಾಟಕ ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಆ ಕಣ್ಣೀರು ನಿಜವಾದದ್ದು. ಸತ್ತು ಮಣ್ಣಾದ ದಾಸಿಯರಿಗಾಗಿ ಅತ್ತ ಮನುಷ್ಯನಿಗೆ ಎರಡನೇ ಸಾಲಿನಲ್ಲಿ ಕುಳಿತವಳು ಕಾಣಲಿಲ್ಲ. ಕಾಂಟ್ರಾಕ್ಟಿನಲ್ಲಿ ಮೋಸ ಹೋದದ್ದು ನನ್ನ ಪೆದ್ದುತನ ಎಂದು ಸಮಾಧಾನ ಮಾಡಿಕೊಂಡೇನು. ಆ ಶುಕ್ರವಾರವನ್ನು ಮಾತ್ರ ನಾನು ಅವರಿಗೆ ಕ್ಷಮಿಸಿಲ್ಲ. ಆ ಮೇಲೆ ತರಗತಿಗೆ ಹೋಗಲಿಲ್ಲ. ಟೈಪಿಂಗನ್ನೂ ಬಿಟ್ಟೆ. ಸರ್ ಯಾಕೆ ಎಂದು ಕೇಳಲೂ ಇಲ್ಲ, ಮುಂದಿನ ವಾರದಿಂದ ಕೈಬರಹವನ್ನೇ ಜೆರಾಕ್ಸ್ ಮಾಡಿಸಿಕೊಂಡರು.

ಎರಡು ವರ್ಷ ಮುಗಿಯಿತು. ಈ ಸಲ ಯಾರ ಮಾತನ್ನೂ ಕೇಳದೆ, ಯಾವ ಕಾಗದವನ್ನೂ ಮುಟ್ಟದೆ, ಪಾಸ್‌ಪೋರ್ಟ್ ಇಸಿದುಕೊಂಡು ಊರಿಗೆ ಹೋದೆ. ಬೇರೊಂದು ಕಂಪೆನಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಬನಿಯಾಸಿನಲ್ಲಿಯೇ. ಮಗಳನ್ನು ಕರೆದುಕೊಂಡು ಬಂದೆವು. ಆಗ ಅವಳಿಗೆ ಐದು ದಾಟಿತ್ತು. ನನ್ನನ್ನು ಮೊದಲ ಒಂದೆರಡು ತಿಂಗಳು ಅವಳು ಅಮ್ಮ ಎಂದು ಕರೆಯಲಿಲ್ಲ, ಏನೂ ಕರೆಯಲಿಲ್ಲ. ಬೇಕಾದದ್ದನ್ನು ಅಪ್ಪನ ಹತ್ತಿರ ಕೇಳುವಳು. ಹಸಿರು ಕುರ್ಚಿಯಲ್ಲಿ ಕೂರಲು ಹೋದರೆ ಮೊಣಕಾಲು ಎದೆಗೆ ತಾಗುತ್ತಿತ್ತು. ವರ್ಷದೊಳಗೆ ಶಾಲೆ ಅವಳ ಬಾಯಿಗೆ ಇಂಗ್ಲಿಷ್ ತುಂಬಿತು, ಮನೆಯೊಳಗೆ ನಗು ಬಂತು, ಅಮ್ಮ ಎಂಬ ಮಾತೂ ಬಂತು.

ಅವಳ ಕಿವಿಯಲ್ಲಿ ಅದೇ ಓಲೆ. ಎಷ್ಟೋ ದಿನ ನೋಡಿಯೂ ನೋಡದ ಹಾಗೆ ಇದ್ದೆ. ಒಂದು ದಿನ ಶಾಲೆಗೆ ಹೊರಡುವ ಮುಂಚೆ ಜಡೆ ಹೆಣೆಯುವಾಗ ಕೆಂಪು ಹರಳು ಕಣ್ಣಿಗೆ ಚುಚ್ಚಿತು. ಸಣ್ಣದಾಗಿದೆ, ಬೇರೆ ತರುವ, ಇದನ್ನು ತೆಗೆದುಬಿಡುವ ಎಂದು ತಿರುಪಿಗೆ ಕೈ ಹಾಕಿದೆ. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

“ನೋ ಅಮ್ಮ. ದಿಸ್ ಈಸ್ ಫ್ರಮ್ ಯೂ. ಅಳದೆ ಚುಚ್ಚಿಸಿಕೊಂಡ್ರೆ ಅಮ್ಮ ಬಂದು ಕರ್ಕೊಂಡು ಹೋಗ್ತಾಳೆ ಅಂತ ಅಜ್ಜಿ ಹೇಳಿದ್ರು. ನಾನು ಅಳ್ಳೇ ಇಲ್ಲ. ಬಟ್ ಯೂ ಡಿಡಂಟ್ ಕಮ್.”

ಸಿಟ್ಟಿನಿಂದ ಹೇಳಿದ್ದಲ್ಲ. ಶಾಲೆಯಲ್ಲಿ ನಡೆದದ್ದನ್ನು ಹೇಳುವ ಹಾಗೆಯೇ ಹೇಳಿದಳು. ಅಜ್ಜಿಗೆ ಆ ಭರವಸೆ ಕೊಟ್ಟವಳು ನಾನು, ಏಪ್ರಿಲಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದು ಫೋನಿನಲ್ಲಿ ಎಷ್ಟು ಸಲ ಹೇಳಿದ್ದೆ. ಅವಳ ಮುಂದೆ ಮೊಣಕಾಲೂರಿ ಕುಳಿತೆ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಕಾಂಟ್ರಾಕ್ಟು, ಬ್ಯಾನು, ಸರ್, ಕೆಂಪು ಡಬ್ಬಿ. ಬಾಯಿ ತೆರೆದಾಗ ಬಂದ ಮಾತು ಒಂದೇ.

“ಆಗ ನನ್ನ ಕೈಯಲ್ಲಿ ಎಂತ ಇತ್ತು ಮಗಾ?”

ಹೇಳಿ ಮುಗಿಯುವಷ್ಟರಲ್ಲಿ ಅದು ಯಾರ ಮಾತೆಂದು ನನಗೆ ಕೇಳಿಸಿತು. ಮಗಳು ಓಕೆ ಎಂದು ತಲೆಯಾಡಿಸಿದಳು. ಕಿವಿಯಿಂದ ಕೈ ಮಾತ್ರ ತೆಗೆಯಲಿಲ್ಲ. ನಾನು ಅವಳ ಅರ್ಧ ಉಳಿದ ಜಡೆ ಹೆಣೆದು, ರಿಬ್ಬನ್ ಕಟ್ಟಿ, ಶಾಲೆಯ ಬಸ್ಸಿಗೆ ಬಿಟ್ಟು ಬಂದೆ.